ಬೇರೆಯದು ಕೂರುತ್ತಾ? ಕಾಫಿ ತೋಟದಿಂದ ಕಂಡ ಚಿಪ್ ಮಾರುಕಟ್ಟೆ

ಕಾಫಿ ಹೂ ಅರಳಿಸುವ ಹೂಮಳೆ ಬರಲಿ ಅಂತ ಮಾರ್ಚ್ ಪೂರ್ತಿ ಆಕಾಶ ನೋಡುತ್ತೇವೆ. ಬರುವಾಗ ಅದು ಸುಮ್ನೆ ಬರುವುದಿಲ್ಲ, ಸಿಡಿಲನ್ನೂ ಕರೆದುಕೊಂಡು ಬರುತ್ತದೆ. ಈ ಸಲ ಒಂದು ಇಂಚು ಮಳೆ ಕೊಟ್ಟು, ನಮ್ಮ ಸೋಲಾರ್ ಬೇಲಿಯ ಮೆಷಿನ್ ಸುಟ್ಟು ಹೋಯಿತು. ಕೊಡಗಿನ ಸಿದ್ದಾಪುರದ ಕಡೆ ತೋಟ ಇರುವವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಬೇಲಿಯಲ್ಲಿ ಕರೆಂಟ್ ಇಲ್ಲ ಅಂತ ಆನೆಗೆ ಗೊತ್ತಾಗಲು ಎರಡು ರಾತ್ರಿ ಸಾಕು.

ಮೆಷಿನ್ ಹಿಡಿದುಕೊಂಡು ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಹುಡುಗ ಮುಚ್ಚಳ ಬಿಚ್ಚಿ ಬೋರ್ಡನ್ನು ಬೆಳಕಿಗೆ ಹಿಡಿದ. ಒಳಗೆ ದೊಡ್ಡ ಮಾಯೆ ಏನಿಲ್ಲ. 12 ವೋಲ್ಟ್ ಬ್ಯಾಟರಿಯ ಕರೆಂಟನ್ನು ಏರಿಸಿ ಒಂದು ದಪ್ಪ ಕೆಪಾಸಿಟರ್‌ಗೆ ತುಂಬುತ್ತಾರೆ. ಸೆಕೆಂಡಿಗೊಮ್ಮೆ ಎಸ್‌ಸಿಆರ್ ಎಂಬ ಸ್ವಿಚ್ ಅದನ್ನು ಟ್ರಾನ್ಸ್‌ಫಾರ್ಮರ್‌ಗೆ ಸುರಿಯುತ್ತದೆ. ತಂತಿಗೆ ಸಾವಿರಾರು ವೋಲ್ಟಿನ ಒಂದು ಏಟು ಹೋಗುತ್ತದೆ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುತ್ತದೆ. ಯಾವಾಗ ತುಂಬಬೇಕು, ಯಾವಾಗ ಸುರಿಯಬೇಕು ಎಂದು ತೀರ್ಮಾನಿಸುವುದು ಉಗುರಿನಷ್ಟಿರುವ ಒಂದು ಐಸಿ, ಅಂದರೆ ಚಿಪ್.

"ಅಣ್ಣಾ, ಕೆಪಾಸಿಟರ್ ನನ್ನ ಹತ್ರ ಉಂಟು. ಎಸ್‌ಸಿಆರ್‌ಗೆ ಬೇರೆ ಕಂಪನಿದು ಕೂರ್ತದೆ. ಈ ಐಸಿ ಮಾತ್ರ ಬೇರೆದು ಕೂರಲ್ಲ."

ಚಿಪ್ ಉದ್ಯಮದ ಪೈಪೋಟಿ ಬಗ್ಗೆ ನಾನು ಓದಿದ ಯಾವ ವರದಿಯೂ ಇಷ್ಟು ಚಿಕ್ಕದಾಗಿ ಹೇಳಿಲ್ಲ. ಯಾರ ಚಿಪ್ ವೇಗ, ಯಾರ ಕಾರ್ಖಾನೆ ದೊಡ್ಡದು ಎನ್ನುವುದೆಲ್ಲ ಆಮೇಲಿನ ಮಾತು. ಒಬ್ಬರ ಚಿಪ್ ತೆಗೆದು ಇನ್ನೊಬ್ಬರದ್ದು ಕೂರಿಸಬಹುದಾದ ಕಡೆ ಬೆಲೆ ಒಂದು ಥರ ಆಡುತ್ತದೆ. ಕೂರಿಸಲಾಗದ ಕಡೆ ಆಟವೇ ಬೇರೆ. ಈ ಒಂದು ಪ್ರಶ್ನೆ ಹಿಡಿದುಕೊಂಡು ಹೋದರೆ ಪೇಪರಿನಲ್ಲಿ ಬರುವ ಚಿಪ್ ಸುದ್ದಿಗಳಲ್ಲಿ ಅರ್ಧಕ್ಕರ್ಧ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಚೆನ್ನಾಗಿ ಕೂರುವ ಮಾಲಿನಿಂದಲೇ ಶುರು ಮಾಡೋಣ. ಅದೇ ದಿನ ಪಕ್ಕದ ಕಂಪ್ಯೂಟರ್ ಅಂಗಡಿಯಲ್ಲಿ ಇನ್ನೊಂದು ಕೆಲಸ ಇತ್ತು. ಮಗಳ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಹಾಕಿಸಬೇಕಿತ್ತು. ಅವರು ಹೇಳಿದ ರೇಟು ಹೋದ ವರ್ಷದ ಎರಡು ಪಟ್ಟಿಗಿಂತ ಜಾಸ್ತಿ. "ನಾವೇನ್ ಮಾಡೋದು ಸಾರ್, ದಿನಾ ಏರ್ತಾ ಉಂಟು" ಅಂದರು. ಕಾಫಿ ಏಜೆಂಟ್ ಬಾಯಲ್ಲಿ ಈ ಮಾತು ಕೇಳಿದರೆ ನನಗೆ ಖುಷಿ. ಕೊಳ್ಳುವ ಕಡೆ ನಿಂತು ಕೇಳಿದಾಗ ರುಚಿ ಬೇರೆ.

ರ‍್ಯಾಮ್ ಒಳಗಿರುವ ಡಿರ‍್ಯಾಮ್ ಎಂಬ ಮೆಮೊರಿ ಚಿಪ್ ನಮ್ಮ ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಇದ್ದ ಹಾಗೆ. ಅಳತೆ, ಕಾಲುಗಳು, ವೇಗ ಎಲ್ಲದಕ್ಕೂ ಜಗತ್ತಿಗೆಲ್ಲ ಒಂದೇ ಲೆಕ್ಕ. ಸ್ಯಾಮ್‌ಸಂಗ್‌ನದ್ದು ತೆಗೆದು ಮೈಕ್ರಾನ್‌ನದ್ದು ಹಾಕಿದರೂ ಲ್ಯಾಪ್‌ಟಾಪ್ ಮಾಮೂಲಿನಂತೆ ಓಡುತ್ತದೆ. ಎಲ್ಲರ ಮಾಲೂ ಒಂದೇ ಆದಾಗ ಪೈಪೋಟಿಗೆ ಉಳಿಯುವುದು ಬೆಲೆ ಮಾತ್ರ. ಮಾಲು ಸ್ವಲ್ಪ ಹೆಚ್ಚಾದರೆ ರೇಟು ಕುಸಿಯುತ್ತದೆ, ಸ್ವಲ್ಪ ಕಮ್ಮಿಯಾದರೆ ಹಾರುತ್ತದೆ.

1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ರೇಟು ಏರಿದ್ದು ನಮ್ಮ ಮನೆಗಳಲ್ಲಿ ಇನ್ನೂ ಮಾತಿಗೆ ಬರುತ್ತದೆ. ಆ ರೇಟು ನೋಡಿ ಎಲ್ಲೆಲ್ಲೂ ಗಿಡ ನೆಟ್ಟರು. ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ವಿಯೆಟ್ನಾಂ ಕೂಡ ರೋಬಸ್ಟಾ ತುಂಬಿಸಿಕೊಂಡಿತ್ತು. 2001ರ ಹೊತ್ತಿಗೆ ರೇಟು ನೆಲ ಕಚ್ಚಿತು. ಡಿರ‍್ಯಾಮ್ ಕಥೆಯೂ ಇದೇ. ರೇಟು ಏರಿದಾಗ ಎಲ್ಲರೂ ಕಾರ್ಖಾನೆಗೆ ಅಡಿಗಲ್ಲು ಹಾಕುತ್ತಾರೆ. ಕಟ್ಟಿ, ಯಂತ್ರ ಕೂರಿಸಿ, ಹದಕ್ಕೆ ತರಲು ಎರಡು ಮೂರು ವರ್ಷ ಹಿಡಿಯುತ್ತದೆ. ಎಲ್ಲರ ಮಾಲೂ ಒಟ್ಟಿಗೆ ಪೇಟೆಗೆ ಇಳಿಯುತ್ತದೆ.

ಲಾಕ್‌ಡೌನ್ ಕಾಲದಲ್ಲಿ ಮನೆಮನೆಗೆ ಲ್ಯಾಪ್‌ಟಾಪ್ ಬಂತು, ಮೆಮೊರಿ ಕಂಪನಿಗಳಿಗೆ ಸುಗ್ಗಿ. ಕೊಂಡವರು ಮರುವರ್ಷ ಮತ್ತೆ ಕೊಳ್ಳುವುದಿಲ್ಲ ಅಲ್ವಾ? 2022ರ ಕೊನೆಗೆ ಗೋದಾಮು ತುಂಬಿತು. ಮೈಕ್ರಾನ್ 2023ರ ಹಣಕಾಸು ವರ್ಷದಲ್ಲಿ ಸುಮಾರು 580 ಕೋಟಿ ಡಾಲರ್ ಕಳೆದುಕೊಂಡಿತು. ಸ್ಯಾಮ್‌ಸಂಗ್‌ನ ಚಿಪ್ ವಿಭಾಗಕ್ಕೂ ಎಸ್‌ಕೆ ಹೈನಿಕ್ಸ್‌ಗೂ ಅದೇ ಗತಿ. ಎಲ್ಲರೂ ಉತ್ಪಾದನೆ ಕಡಿಮೆ ಮಾಡಿದರು. ಅಷ್ಟರಲ್ಲಿ ಎಐ ಬಂತು. ಎಐ ಚಿಪ್ ಪಕ್ಕದಲ್ಲಿ ಎಚ್‌ಬಿಎಂ ಎಂಬ ಮೆಮೊರಿ ಬೇಕು. ಡಿರ‍್ಯಾಮ್ ಪದರಗಳನ್ನು ನೀರ್‌ದೋಸೆ ಹಾಗೆ ಒಂದರ ಮೇಲೊಂದು ಜೋಡಿಸಿ ಮಾಡುವ ಮಾಲು ಅದು. ಮಾಮೂಲಿ ರ‍್ಯಾಮ್‌ಗೆ ಹೋಲಿಸಿದರೆ ಅಷ್ಟೇ ಮೆಮೊರಿಗೆ ಸುಮಾರು ಮೂರು ಪಟ್ಟು ಸಿಲಿಕಾನ್ ತಿನ್ನುತ್ತದೆ. ಲಾಭವೂ ಜಾಸ್ತಿ. ಹಾಗಾಗಿ ಕಾರ್ಖಾನೆಗಳು ಆ ಕಡೆ ವಾಲಿದವು, ಮಗಳ ಲ್ಯಾಪ್‌ಟಾಪ್‌ನ ಮಾಲು ಕಮ್ಮಿಯಾಯಿತು. ಅಂಗಡಿಗಳಲ್ಲಿ ಸಿಗುತ್ತಿದ್ದ ಕ್ರೂಶಿಯಲ್ ಎಂಬ ತನ್ನದೇ ಬ್ರ್ಯಾಂಡನ್ನು ನಿಲ್ಲಿಸುತ್ತೇನೆ ಎಂದು ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಹೇಳಿತು.

ಕಾಫಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ರೇಟು ಬಿದ್ದರೆ ಬೆಳೆಗಾರ ಗೊಬ್ಬರ ಕಮ್ಮಿ ಮಾಡಿ, ಮೆಣಸು ನಂಬಿಕೊಂಡು ಹೇಗೋ ಉಳಿಯುತ್ತಾನೆ. ಡಿರ‍್ಯಾಮ್‌ನಲ್ಲಿ ಕುಸಿತ ಬಂದಾಗ ಎಷ್ಟೋ ಸಲ ಯಾರಾದರೂ ತೋಟವನ್ನೇ ಬಿಟ್ಟು ಹೋಗಿದ್ದಾರೆ. 1985ರಲ್ಲಿ ಇಂಟೆಲ್ ಹೋಯಿತು. 2009ರಲ್ಲಿ ಜರ್ಮನಿಯ ಕ್ವಿಮೊಂಡಾ ದಿವಾಳಿ. 2012ರಲ್ಲಿ ಜಪಾನಿನ ಎಲ್ಪಿಡಾ ದಿವಾಳಿಯಾಗಿ ಮರುವರ್ಷ ಮೈಕ್ರಾನ್ ಕೈಸೇರಿತು. ಈಗ ದೊಡ್ಡವರು ಮೂರೇ ಜನ. ಹಿಂದಿನಿಂದ ಚೀನಾದ ಸಿಎಕ್ಸ್‌ಎಂಟಿ ಓಡಿ ಬರುತ್ತಿದೆ. ಮೂವರ ಈಗಿನ ಲಾಭ ನೋಡಿದರೆ ನನಗೆ 1990ರ ದಶಕದ ವಿಯೆಟ್ನಾಂ ನೆನಪಾಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜಗತ್ತಿನ ಚಿಪ್ ಮಾರಾಟ 2022ರಲ್ಲಿ ಸುಮಾರು 57,400 ಕೋಟಿ ಡಾಲರ್. 2023ರಲ್ಲಿ 52,700 ಕೋಟಿಗೆ ಇಳಿಯಿತು. 2024ರಲ್ಲಿ ಸುಮಾರು 63,000 ಕೋಟಿಗೆ ಏರಿತು. ಇದನ್ನು ನೋಡಿ 2024 ಎಲ್ಲರಿಗೂ ಒಳ್ಳೆಯ ವರ್ಷ ಅಂದುಕೊಂಡರೆ ತಪ್ಪು. ಏರಿದ್ದು ಎಐ ಮತ್ತು ಮೆಮೊರಿ. ಕಾರು, ಕಾರ್ಖಾನೆ ಯಂತ್ರಗಳಿಗೆ ಚಿಪ್ ಮಾಡುವವರು ಅದೇ ವರ್ಷ ಮಾಲು ಹೋಗದೆ ಕೂತಿದ್ದರು. ಒಂದೇ ತೋಟದಲ್ಲಿ ಕಾಫಿ ಏರಿ ಮೆಣಸು ಇಳಿದ ವರ್ಷ ನಾವು ನೋಡಿಲ್ವಾ? ಚಿಪ್ ಮಾರುಕಟ್ಟೆ ಎನ್ನುವುದು ಒಂದು ಬೆಳೆಯಲ್ಲ.

ಮೇಲಿನ ತುದಿಗೆ ಬಂದರೆ ಬೇರೆಯದು ಕೂರುವ ಮಾತೇ ಇಲ್ಲ. 1987ರಲ್ಲಿ ಮಾರಿಸ್ ಚಾಂಗ್ ತೈವಾನಿನಲ್ಲಿ ಟಿಎಸ್‌ಎಂಸಿ ಶುರು ಮಾಡಿದರು. ಸ್ವಂತ ಬ್ರ್ಯಾಂಡ್ ಚಿಪ್ ಮಾಡುವುದಿಲ್ಲ, ನೀವು ನಕ್ಷೆ ಕೊಡಿ, ನಾವು ಮಾಡಿಕೊಡುತ್ತೇವೆ ಎನ್ನುವ ವ್ಯವಹಾರ. ಆಗ ಇದು ವಿಚಿತ್ರ ಅನಿಸಿತ್ತು. ಇವತ್ತು ಆಪಲ್, ಎನ್‌ವಿಡಿಯಾ, ಎಎಂಡಿ, ಕ್ವಾಲ್‌ಕಾಮ್ ಎಲ್ಲರೂ ತಮ್ಮ ದೊಡ್ಡ ಚಿಪ್‌ಗಳಿಗೆ ಅಲ್ಲಿಗೇ ಹೋಗುತ್ತಾರೆ. ತೋಟವೇ ಇಲ್ಲದೆ ಕಾಫಿಪುಡಿ ಬ್ರ್ಯಾಂಡ್ ನಡೆಸುವವರು ಇಲ್ವಾ, ಹಾಗೆ. ಬಾಡಿಗೆಗೆ ಚಿಪ್ ಮಾಡಿಕೊಡುವ ವ್ಯಾಪಾರದಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಈ ಒಂದೇ ಕಂಪನಿಯದ್ದು.

ಇನ್ನೊಬ್ಬರು ಯಾಕೆ ಮಾಡುತ್ತಿಲ್ಲ? ಹಣ ಒಂದು ಕಾರಣ, ಇಂಥ ಒಂದು ಕಾರ್ಖಾನೆಗೆ 2,000 ಕೋಟಿ ಡಾಲರ್‌ನಷ್ಟು ಬೇಕು. ಅತಿ ಸಣ್ಣ ಗೆರೆ ಮೂಡಿಸುವ ಇಯುವಿ ಯಂತ್ರ ಮಾರುವುದು ಜಗತ್ತಿಗೆಲ್ಲ ಒಬ್ಬರೇ, ನೆದರ್ಲೆಂಡ್ಸ್‌ನ ಎಎಸ್‌ಎಂಎಲ್. ಆದರೆ ಹಣವೂ ಯಂತ್ರವೂ ಇದ್ದು ಸೋತವರಿದ್ದಾರೆ, ಅದು ಔಟ್‌ಟರ್ನ್ ವಿಷಯ. ಚೆರಿಯ ಸಿಪ್ಪೆ ತೆಗೆದು ಬೀಜ ಮಾಡುವ ಕ್ಯೂರಿಂಗ್‌ನವರು 50 ಕೆಜಿ ಚೆರಿಯಲ್ಲಿ ಬೀಜ 26 ಬಂತಾ, 28 ಬಂತಾ ಅಂತ ನೋಡಿ ಹಣ ಕೊಡುತ್ತಾರೆ. ಚಿಪ್ಪಿನಲ್ಲೂ ಹಾಗೇ. ತಟ್ಟೆಯಷ್ಟಗಲದ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್ ಮೂಡಿಸುತ್ತಾರೆ. ಅದರಲ್ಲಿ ಕೆಲಸ ಮಾಡುವುದು ಎಷ್ಟು? ನೂರಕ್ಕೆ 80 ಬಂದವನಿಗೂ 40 ಬಂದವನಿಗೂ ಖರ್ಚು ಒಂದೇ. ಈ ಓಟ ಸಾಕಪ್ಪಾ ಎಂದು ಗ್ಲೋಬಲ್‌ಫೌಂಡ್ರೀಸ್ 2018ರಲ್ಲೇ 7 ನ್ಯಾನೋಮೀಟರ್ ಎಂಬ ಹೊಸ ತಲೆಮಾರಿನ ತಂತ್ರದ ಕೆಲಸ ಕೈಬಿಟ್ಟಿತು. ಈಗ ತುದಿಯಲ್ಲಿ ಇರುವವರು ಟಿಎಸ್‌ಎಂಸಿ, ಸ್ಯಾಮ್‌ಸಂಗ್, ಇಂಟೆಲ್. ಒಬ್ಬರ ಬಳಿ ಮಾಡಿಸಿದ ನಕ್ಷೆಯನ್ನು ಇನ್ನೊಬ್ಬರ ಬಳಿ ಹಾಗೇ ಒಯ್ಯಲು ಆಗುವುದಿಲ್ಲ, ಮತ್ತೆ ಬಿಡಿಸಬೇಕು. ಅದಕ್ಕೇ ಟಿಎಸ್‌ಎಂಸಿ ರೇಟು ಏರಿಸಿದರೆ ಗಿರಾಕಿ ಗೊಣಗಿಕೊಂಡು ಕೊಡುತ್ತಾನೆ.

ಇಷ್ಟೆಲ್ಲ ಎಲ್ಲರೂ ಬರೆಯುತ್ತಾರೆ. ನನಗೆ ಕುತೂಹಲ ಇರುವುದು ಅಗ್ಗದ ಮಾಲಿನ ಮೇಲೆ.

2020ರಲ್ಲಿ ಕಾರು ಕಂಪನಿಗಳು ಇನ್ನು ಯಾರು ಕಾರು ಕೊಳ್ಳುತ್ತಾರೆ ಎಂದು ಚಿಪ್ ಆರ್ಡರ್ ರದ್ದು ಮಾಡಿದವು. ಆ ಜಾಗವನ್ನು ಲ್ಯಾಪ್‌ಟಾಪ್, ಫೋನಿನ ಚಿಪ್ ತುಂಬಿತು. ಕೆಲವೇ ತಿಂಗಳಲ್ಲಿ ಕಾರು ಬೇಕು ಎಂದು ಜನ ಬಂದರು, ಕಂಪನಿಗಳು ಓಡಿ ಹೋಗಿ ನಿಂತದ್ದು ಸಾಲಿನ ಕೊನೆಯಲ್ಲಿ. ಮೇಲಿಂದ 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಚಳಿಗೆ ಕರೆಂಟ್ ಹೋಗಿ ಚಿಪ್ ಕಾರ್ಖಾನೆಗಳು ನಿಂತವು. ಮಾರ್ಚ್‌ನಲ್ಲಿ ಜಪಾನಿನ ರೆನೆಸಾಸ್ ಕಾರ್ಖಾನೆಗೆ ಬೆಂಕಿ ಬಿತ್ತು. ಮಾರುತಿ 2021ರ ಸೆಪ್ಟೆಂಬರ್‌ನಲ್ಲಿ ಮಾಮೂಲಿನ ಸುಮಾರು ಶೇ 40ರಷ್ಟು ಮಾತ್ರ ಕಾರು ಮಾಡಬಹುದು ಎಂದು ಹೇಳಿತು. ಇದಕ್ಕೆ ಕಾರಣವಾದ ಚಿಪ್‌ಗಳಲ್ಲಿ ಹೆಚ್ಚಿನವು ಹಳೇ ತಂತ್ರದವು, ಕಿಟಕಿ ಏರಿಸಲು, ಬ್ರೇಕ್ ನೋಡಿಕೊಳ್ಳಲು ಬೇಕಾದ ಕೆಲವೇ ಡಾಲರಿನ ಮಾಲು. ಲಕ್ಷಾಂತರ ರೂಪಾಯಿಯ ಕಾರು ಅದಕ್ಕಾಗಿ ಕಾದು ನಿಂತಿತು.

ಅಗ್ಗದ್ದಾದರೆ ಬೇಗ ಮಾಡಬಹುದಲ್ಲ ಅನಿಸುತ್ತದೆ. ಅಗ್ಗ ಆಗಿದ್ದೇ ಕಷ್ಟ. ಅವನ್ನು ಮಾಡುವ ಕಾರ್ಖಾನೆಗಳು ಹಳೆಯವು, ಯಂತ್ರಗಳ ಸಾಲ ಯಾವಾಗಲೋ ತೀರಿದೆ. ಹಾಗಾಗಿಯೇ ಆ ಬೆಲೆಗೆ ಕೊಡಲು ಆಗುತ್ತದೆ. ಹೊಸದಾಗಿ ಕಟ್ಟಿದರೆ ಆ ಬೆಲೆಗೆ ಗಿಟ್ಟುವುದಿಲ್ಲ, ಯಾರೂ ಕೈ ಹಾಕುವುದಿಲ್ಲ. ಅಜ್ಜ ನೆಟ್ಟ ಗಿಡದ ಕಾಫಿಯನ್ನೂ, ಸಾಲ ಮಾಡಿ ಹೊಸದಾಗಿ ಮಾಡಿದ ತೋಟದ ಕಾಫಿಯನ್ನೂ ಪೇಟೆಯಲ್ಲಿ ಒಂದೇ ರೇಟಿಗೆ ಕೊಡಬೇಕಲ್ಲ, ಅದೇ ಲೆಕ್ಕ.

ಆ ಅಭಾವದಲ್ಲಿ ಇನ್ನೊಂದು ಆಟ ನಡೆಯಿತು. ಕೊಯ್ಲಿನ ಹೊತ್ತಿಗೆ ಹತ್ತು ಆಳು ಬೇಕಾದವರು ಮೂರು ಮೇಸ್ತ್ರಿಗಳಿಗೆ ಫೋನ್ ಮಾಡಿ ಹತ್ತತ್ತು ಹೇಳಿಡುತ್ತಾರೆ, ಒಬ್ಬನಾದರೂ ಕಳಿಸಲಿ ಅಂತ. (ನಾನೂ ಮಾಡಿದ್ದೇನೆ.) ಮೇಸ್ತ್ರಿಗಳಿಗೆ ಊರಲ್ಲಿ ಮೂವತ್ತು ಆಳಿಗೆ ಕೆಲಸ ಇದೆ ಅನಿಸುತ್ತದೆ. ಚಿಪ್ ಕೊಳ್ಳುವವರೂ ಹಾಗೇ ಇದ್ದಬದ್ದ ಕಡೆಯೆಲ್ಲ ಆರ್ಡರ್ ಕೊಟ್ಟರು. 2023ರಲ್ಲಿ ಎಲ್ಲ ಕಡೆಯಿಂದಲೂ ಮಾಲು ಬಂತು. ಗೋದಾಮು ಖಾಲಿ ಮಾಡಲು ಒಂದೆರಡು ವರ್ಷವೇ ಹಿಡಿಯಿತು.

ಅಭಾವ ಇದ್ದಾಗ ಕಳ್ಳಮಾಲು ಬರುತ್ತದೆ. ಕಾಳುಮೆಣಸಿಗೆ ಪಪಾಯಿ ಬೀಜ ಬೆರೆಸುವ ಹಾಗೆ, ಹಳೇ ಬೋರ್ಡಿನಿಂದ ಕಿತ್ತ ಚಿಪ್‌ನ ಮೈ ಉಜ್ಜಿ ಹೊಸ ನಂಬರ್ ಹೊಡೆದು ಮಾರುತ್ತಾರೆ. ರಿಪೇರಿ ಹುಡುಗನ ಡಬ್ಬಿಯಲ್ಲಿ ಅಂಥವು ನಾಲ್ಕೈದು ಇವೆ, "ಪಾಠಕ್ಕೆ ಕೊಟ್ಟ ಫೀಸು" ಅನ್ನುತ್ತಾನೆ.

ಅಗ್ಗದ ಮಾಲಿನ ಕಥೆಯಲ್ಲಿ ನನಗೆ ತುಂಬ ಹಿಡಿಸಿದ್ದು 2025ರ ನೆಕ್ಸ್‌ಪೀರಿಯಾ ಜಗಳ. ಇದು ನೆದರ್ಲೆಂಡ್ಸ್‌ನ ಕಂಪನಿ, ಮಾಲೀಕರು ಚೀನಾದ ವಿಂಗ್‌ಟೆಕ್. ಮಾಡುವುದು ಡಯೋಡ್, ಟ್ರಾನ್ಸಿಸ್ಟರ್‌ನಂಥ ಪುಡಿ ಮಾಲು. ಸೆಪ್ಟೆಂಬರ್ 30ರಂದು ಡಚ್ ಸರ್ಕಾರ ಕಂಪನಿಯ ಮೇಲೆ ಹಿಡಿತ ಸಾಧಿಸಿತು. ನಾಲ್ಕೇ ದಿನಕ್ಕೆ ಚೀನಾ ತನ್ನ ನೆಲದಿಂದ ಆ ಮಾಲು ಹೊರಗೆ ಹೋಗದಂತೆ ತಡೆಯಿತು. ಬಿಲ್ಲೆ ಮೂಡುವುದು ಯುರೋಪಿನಲ್ಲಾದರೂ, ಕತ್ತರಿಸಿ ಕಾಲು ಕೂರಿಸಿ ಡಬ್ಬಿಗೆ ಹಾಕುವ ಕೆಲಸದ ಬಹುಪಾಲು ಚೀನಾದ ಡಾಂಗ್‌ಗುವಾನ್‌ನಲ್ಲಿ. ತೋಟದ ತುಂಬ ಹಣ್ಣಿದೆ, ಕುಶಾಲನಗರದ ಕ್ಯೂರಿಂಗ್ ಬಾಗಿಲು ಮುಚ್ಚಿದೆ ಅಂದುಕೊಳ್ಳಿ. ಹೋಂಡಾ ಕೆಲವು ಕಡೆ ಕಾರು ಉತ್ಪಾದನೆ ಕಡಿತ ಮಾಡಿತು. ಡಯೋಡ್ ಬೇರೆ ಕಂಪನಿಯದ್ದೂ ಕೂರುತ್ತದಲ್ಲ? ನಮ್ಮ ಬೇಲಿಗೆ ಕೂರುತ್ತದೆ. ಕಾರಿನಲ್ಲಿ ಪ್ರತಿ ಬದಲಿಯನ್ನೂ ತಿಂಗಳುಗಟ್ಟಲೆ ಪರೀಕ್ಷೆ ಮಾಡಿ ಒಪ್ಪಬೇಕು. ಹಾಗಾಗಿ ಕೂರುವ ಮಾಲು ಕೂಡ ಕಾಗದದ ಮೇಲೆ ಕೂರುವುದಿಲ್ಲ.

ಈ ಹಳೇ ತಂತ್ರದ ಮಾಲಿನಲ್ಲೇ ಚೀನಾ ಈಗ ಜೋರಾಗಿ ಕಟ್ಟುತ್ತಿದೆ. 2022ರ ಅಕ್ಟೋಬರ್‌ನಲ್ಲಿ ಅಮೆರಿಕ ಮುಂದುವರಿದ ಚಿಪ್ ಮತ್ತು ಯಂತ್ರ ಕೊಡುವುದಕ್ಕೆ ಬೇಲಿ ಹಾಕಿತು. ಮೇಲೆ ಹೋಗಲು ಬಿಡದಿದ್ದರೆ ಅಗಲಕ್ಕೆ ಹರಡುತ್ತೇವೆ ಎನ್ನುವಂತೆ 28 ನ್ಯಾನೋಮೀಟರ್ ಮತ್ತು ಅದಕ್ಕಿಂತ ಹಳೆಯದರಲ್ಲಿ ಸರ್ಕಾರದ ಹಣ ಸುರಿದು ಕಾರ್ಖಾನೆ ಎಬ್ಬಿಸುತ್ತಿದೆ. ಅಭಾವದ ದಿನಗಳಲ್ಲಿ ಎಸ್‌ಟಿ ಕಂಪನಿಯ ಎಸ್‌ಟಿಎಂ32 ಮೈಕ್ರೊಕಂಟ್ರೋಲರ್ (ಯಂತ್ರವನ್ನು ನಡೆಸುವ, ಪ್ರೋಗ್ರಾಮ್ ಬರೆಯಬಹುದಾದ ಚಿಪ್) ಸಿಗದೆ ಒದ್ದಾಡಿದವರು ಎಷ್ಟೋ ಜನ ಚೀನಾದ ಜಿಡಿ32 ಕಡೆ ತಿರುಗಿದರು. ಕಾಲಿನ ಜೋಡಣೆ ಹೆಚ್ಚುಕಮ್ಮಿ ಒಂದೇ, ತುಸು ತಿದ್ದಿದರೆ ಕೂರುತ್ತದೆ. ಒಮ್ಮೆ ಕೂತದ್ದನ್ನು ಮತ್ತೆ ಎಬ್ಬಿಸುವುದು ಕಷ್ಟ. ಯುರೋಪಿನ, ಅಮೆರಿಕದ ಹಳೇ ಕಂಪನಿಗಳಿಗೆ ಇದು ಎಐ ಚಿಪ್‌ನ ಎನ್‌ವಿಡಿಯಾಕ್ಕಿಂತ ದೊಡ್ಡ ತಲೆನೋವು.

ನಮ್ಮ ದೇಶದ ಲೆಕ್ಕ ಏನು? 2021ರ ಕೊನೆಗೆ ಕೇಂದ್ರ ಸರ್ಕಾರ ₹76,000 ಕೋಟಿಯ ಯೋಜನೆ ಮಾಡಿತು. ಗುಜರಾತಿನ ಧೊಲೇರಾದಲ್ಲಿ ಟಾಟಾ, ತೈವಾನಿನ ಪಿಎಸ್‌ಎಂಸಿ ಜೊತೆ ₹91,000 ಕೋಟಿಯ ಕಾರ್ಖಾನೆ ಕಟ್ಟುತ್ತಿದೆ. ಮಾಡುವುದು 28 ನ್ಯಾನೋಮೀಟರ್ ಮತ್ತು ಅದಕ್ಕಿಂತ ಹಳೆಯ ತಂತ್ರದ ಚಿಪ್. ಅಂದರೆ ಚೀನಾ ತುಂಬಿಸುತ್ತಿರುವ ಅದೇ ಗದ್ದೆ. ಅಸ್ಸಾಮಿನ ಜಾಗಿರೋಡ್‌ನಲ್ಲಿ, ಸಾಣಂದ್‌ನಲ್ಲಿ ಬರುತ್ತಿರುವವು ಪ್ಯಾಕಿಂಗ್, ಟೆಸ್ಟಿಂಗ್ ಘಟಕಗಳು. ಸಾಣಂದ್‌ನಲ್ಲಿ ಒಂದು ನಮ್ಮ ಪಕ್ಕದ ಮೈಸೂರಿನ ಕೇನ್ಸ್ ಕಂಪನಿಯದ್ದು. ಮೈಸೂರಿನ ಕಂಪನಿ ಗುಜರಾತಿಗೆ ಹೋಗಿ ಕಟ್ಟಿತಲ್ಲ ಎಂದು ಹೊಟ್ಟೆ ಉರಿದುಕೊಂಡವರಲ್ಲಿ ನಾನೂ ಒಬ್ಬ.

ಪ್ಯಾಕಿಂಗ್ ತಾನೇ, ಅದೇನು ದೊಡ್ಡದು ಎಂದು ಮೂಗು ಮುರಿಯುವವರಿದ್ದಾರೆ. ನೆಕ್ಸ್‌ಪೀರಿಯಾ ನೋಡಿದ ಮೇಲೆ ನಾನು ಹಾಗೆ ಹೇಳುವುದಿಲ್ಲ. ಕ್ಯೂರಿಂಗ್ ಮುಚ್ಚಿದರೆ ತೋಟವಿದ್ದೂ ಏನು ಬಂತು? ಹಾಗಂತ ಬೇರೆಯವರ ಚೆರಿ ನಂಬಿ ನಡೆಯುವ ಕ್ಯೂರಿಂಗ್‌ನಲ್ಲಿ ಸಿಗುವುದು ಕೂಲಿ. ಇದೂ ಸತ್ಯ. ನನಗೆ ಜಾಸ್ತಿ ಆಸೆ ಇರುವುದು 2025ರ ಮಾರ್ಚ್‌ನಲ್ಲಿ ಒಪ್ಪಿಗೆಯಾದ ₹22,919 ಕೋಟಿಯ ಬಿಡಿಭಾಗ ಯೋಜನೆಯ ಮೇಲೆ. ಕೆಪಾಸಿಟರ್, ರೆಸಿಸ್ಟರ್, ಬೋರ್ಡು, ಇಂಥ ಹೆಸರಿಲ್ಲದ ಮಾಲು. ಒಂದು ಫೋನಿನಲ್ಲಿ ಸಾಸಿವೆಯಷ್ಟಿರುವ ಕೆಪಾಸಿಟರ್‌ಗಳು ಸಾವಿರದಷ್ಟಿರುತ್ತವೆ. ಅವುಗಳಲ್ಲಿ ಜಪಾನಿನ ಮುರಾಟಾ ದೊಡ್ಡಣ್ಣ. 2018ರಲ್ಲಿ ಈ ಸಾಸಿವೆಗೇ ಜಗತ್ತಿನಾದ್ಯಂತ ಬರ ಬಂದಿತ್ತು.

ಮತ್ತೆ ರಿಪೇರಿ ಅಂಗಡಿಗೆ. ಹುಡುಗ ಬೆಂಗಳೂರಿನ ಎಸ್‌ಪಿ ರಸ್ತೆಗೆ ಫೋನ್ ಮಾಡಿ ಐಸಿ ನಂಬರ್ ಹೇಳಿದ. ಸ್ಟಾಕ್ ಇತ್ತು. ರೇಟು ಒಂದು ಪ್ಲೇಟ್ ಬಿರಿಯಾನಿಗಿಂತ ಕಮ್ಮಿ. ಮತ್ತೆ ಕೂರಲ್ಲ ಅಂದೆಯಲ್ಲ ಮಾರಾಯ?

"ಐಸಿ ಸಿಗ್ತದೆ ಅಣ್ಣಾ. ಒಳಗಿನ ಪ್ರೋಗ್ರಾಮ್ ಎಲ್ಲಿಂದ ತರೋದು?"

ಅಂಗಡಿಯಲ್ಲಿ ಸಿಗುವ ಮೈಕ್ರೊಕಂಟ್ರೋಲರ್ ಖಾಲಿ ಸ್ಲೇಟು. ಬೇಲಿ ಮೆಷಿನ್ ಮಾಡಿದವರು ಅದರಲ್ಲಿ ತಮ್ಮ ಪ್ರೋಗ್ರಾಮ್ ಬರೆದು, ಯಾರೂ ಓದದಂತೆ ಬೀಗ ಹಾಕಿರುತ್ತಾರೆ. ಅವರು ಐಸಿ ಕೊಡುವುದಿಲ್ಲ, ಪೂರ್ತಿ ಬೋರ್ಡೇ ಕೊಳ್ಳಬೇಕು. ಎನ್‌ವಿಡಿಯಾದ ಬಲ ಇರುವುದೂ ಇಲ್ಲೇ. ಎಎಂಡಿಯ ಎಐ ಚಿಪ್ ಕಾಗದದ ಮೇಲೆ ಕಡಿಮೆಯೇನಲ್ಲ, ಅದನ್ನು ಮಾಡುವುದೂ ಅದೇ ಟಿಎಸ್‌ಎಂಸಿ. ಆದರೆ ಎನ್‌ವಿಡಿಯಾ 2007ರಿಂದ ಕೂಡಾ ಎಂಬ ಸಾಫ್ಟ್‌ವೇರ್ ಹಂಚುತ್ತಾ ಬಂತು. ವಿದ್ಯಾರ್ಥಿಗಳು ಅದರಲ್ಲೇ ಕಲಿತರು, ಸಂಶೋಧಕರು ಅದರಲ್ಲೇ ಬರೆದರು. ಈಗ ಚಿಪ್ ಬದಲಿಸುವುದು ಅಂದರೆ ವರ್ಷಗಟ್ಟಲೆ ಬರೆದದ್ದನ್ನು ತಿದ್ದಿ ಬರೆಯುವುದು. 2025ರ ಅಕ್ಟೋಬರ್‌ನಲ್ಲಿ ಆ ಕಂಪನಿಯ ಷೇರು ಮೌಲ್ಯ 5 ಲಕ್ಷ ಕೋಟಿ ಡಾಲರ್ ದಾಟಿತು. ಗೂಗಲ್, ಅಮೆಜಾನ್ ತಮ್ಮದೇ ಚಿಪ್ ಮಾಡಿಸಿಕೊಳ್ಳುತ್ತಿರುವುದು ಆ ಬೀಗದಿಂದ ತಪ್ಪಿಸಿಕೊಳ್ಳಲಿಕ್ಕೂ ಹೌದು.

ಬೋರ್ಡ್ ಬರಲು ಹದಿನೈದು ದಿನ ಎಂದರು. ಆನೆ ಹದಿನೈದು ದಿನ ಕಾಯುವುದಿಲ್ಲ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಡ್ರಾಯರ್‌ನಿಂದ ಎಂಟು ಕಾಲಿನ ಒಂದು ಐಸಿ ತೆಗೆದ. 555 ಟೈಮರ್. 1971ರಲ್ಲಿ ಹಾನ್ಸ್ ಕಾಮೆನ್‌ಜಿಂಡ್ ಎಂಬ ಎಂಜಿನಿಯರ್ ರೂಪಿಸಿದ್ದು. ಅರ್ಧ ಶತಮಾನದ ಮೇಲೂ ಹತ್ತಾರು ಕಂಪನಿಗಳು ಮಾಡುತ್ತಿವೆ, ಯಾರದ್ದು ಬೇಕಾದರೂ ಕೂರುತ್ತದೆ. ಒಳಗೆ ಪ್ರೋಗ್ರಾಮ್ ಇಲ್ಲ. ಹೊರಗೆ ಎರಡು ರೆಸಿಸ್ಟರ್, ಒಂದು ಕೆಪಾಸಿಟರ್ ಕಟ್ಟಿದರೆ ಹೇಳಿದ ಹೊತ್ತಿಗೆ ಒಂದು ಸಂಕೇತ ಕೊಡುತ್ತದೆ, ಅಷ್ಟೇ. ಏಟಿನ ಬಲ ಹಳೆಯ ಅಳತೆಯ ಕೆಪಾಸಿಟರ್‌ನಿಂದಲೇ ಬರುವುದರಿಂದ ಅದು ಬದಲಾಗಲಿಲ್ಲ. ಬ್ಯಾಟರಿ ಇಳಿದರೆ ಎಚ್ಚರಿಸುವ ದೀಪ ಮಾತ್ರ ಇನ್ನು ಉರಿಯುವುದಿಲ್ಲ ಎಂದ.

"ಬೋರ್ಡ್ ಬರೋ ತನಕ ಅಣ್ಣಾ, ಆಮೇಲೆ ತೆಗೀಬೇಕು."

ಸಂಜೆ ತಂತಿಗೆ ಕಟ್ಟಿ ಸ್ವಿಚ್ ಒತ್ತಿದೆ. ಟಕ್. ಒಂದು ಸೆಕೆಂಡ್. ಟಕ್. ಬೋರ್ಡ್ ಬಂದು ಒಂದು ತಿಂಗಳಾಯಿತು, ಡಬ್ಬಿ ಇನ್ನೂ ಒಡೆದಿಲ್ಲ.